ಹೊಳೆಗೆ ಬಿಟ್ಟ ಹೊತ್ತಿಗೆ

ಎಂಬತ್ತರ ದಶಕದ ಕೊನೆಯಲ್ಲಿ ಶಿಗ್ಗಾಂವಿಯ ನನ್ನ ಟೈಪಿಂಗ್ ಕ್ಲಾಸಿಗೆ ಒಂದು ಕಂಪ್ಯೂಟರ್ ತಂದೆ. ಆವತ್ತಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸುತ್ತಲಿನ ನಾಲ್ಕು ತಾಲೂಕುಗಳಲ್ಲಿ ಅದನ್ನು ಬಲ್ಲವನು ನಾನೊಬ್ಬನೇ ಎಂಬ ಸೊಕ್ಕು.

ಆ ಸೊಕ್ಕಿನಲ್ಲೇ ಹೆಳವರ ಮುದುಕರೊಬ್ಬರನ್ನು ಕರೆಸಿದೆ. ಎತ್ತಿನ ಮೇಲೆ ಕುಳಿತು ಊರೂರು ತಿರುಗಿ, ಮನೆಯ ಮುಂದೆ ನಿಂತು ಆ ಮನೆತನದ ವಂಶಾವಳಿ ಹೇಳುವುದು ಅವರ ಕಸುಬು. ಹಾನಗಲ್ಲ, ಸವಣೂರ, ಹಿರೇಕೆರೂರ ಸೀಮೆಯ ನೂರಾರು ಮನೆಗಳ ಹೆಸರು ಅವರ ಹಳೆಯ ಹೊತ್ತಿಗೆಯೊಂದರಲ್ಲಿದ್ದವು. ಮುಟ್ಟಿದರೆ ಹಾಳೆ ಉದುರುತ್ತಿತ್ತು. ಮುದುಕರಿಗೆ ನೆನಪೂ ಕೈಕೊಡತೊಡಗಿತ್ತು. ಹೊತ್ತಿಗೆ ಹೋದರೆ ಅವರಿಗೆ ಯಾರ ಬಾಗಿಲೂ ತೆರೆಯುತ್ತಿರಲಿಲ್ಲ. ಮಳೆಗಾಲವಿಡೀ ಅವರು ಓದಿದರು, ನಾನು ಟೈಪು ಮಾಡಿದೆ.

"ಎಲ್ಲಾ ಗಟ್ಟಿ ಕುಂತಾವೇನ್ರಿ?" ಎಂದು ಕೇಳಿದರು, ಮುಗಿದ ದಿನ.

"ಹೌದ್ರಿ ಅಜ್ಜಾರ, ಮೂರು ಪ್ರತಿ ಮಾಡೇನಿ. ಇನ್ನ ಚಿಂತಿ ಬ್ಯಾಡ."

ಅವರು ಯಾವ ಸೀಮೆಗೆ ಹೊರಟರೆ ಆ ಸೀಮೆಯದನ್ನು ಆಗ ಅಚ್ಚು ತೆಗೆದುಕೊಡುವುದೆಂದು ಮಾತಾಗಿತ್ತು. ಜೀರ್ಣವಾದ ಹೊತ್ತಿಗೆಯನ್ನು ಮನೆಯಲ್ಲಿಡಬಾರದೆಂಬುದು ಅವರ ಪದ್ಧತಿ. ಅರಿಷಿಣ ಕುಂಕುಮ ಹಚ್ಚಿ ವರದಾ ಹೊಳೆಗೆ ಬಿಟ್ಟರು. ಪಕ್ಕದಲ್ಲಿ ನಾನೂ ಕೈಮುಗಿದು ನಿಂತಿದ್ದೆ.

ಮರುವರ್ಷ ಕಂಪ್ಯೂಟರಿನ ಡಿಸ್ಕ್ ಕೆಟ್ಟಿತು. ನಾನು ಹೆದರಲಿಲ್ಲ. ಫ್ಲಾಪಿ ಕಡಿಮೆ ಹಿಡಿಯಲೆಂದು ಎಲ್ಲ ಊರುಗಳನ್ನೂ ಕುಗ್ಗಿಸಿ ಒಂದೇ ಕಟ್ಟು ಮಾಡಿ ಬ್ಯಾಕಪ್ ಇಟ್ಟಿದ್ದೆನಲ್ಲ! ಬಿಚ್ಚಿದೆ. ಸವಣೂರ ಸೀಮೆ ದಾಟಿ, ಹಾನಗಲ್ಲ ಸೀಮೆಯ ಆಡೂರಿನವರೆಗೆ ಹೆಸರುಗಳು ಸರಿಯಾಗಿ ಬಂದವು. ಆಮೇಲೆ ಬರೀ ಅರ್ಥವಿಲ್ಲದ ಗುರುತುಗಳು. ಬಿಡಿಯಾಗಿ ಇಟ್ಟಿದ್ದರೆ ಒಂದೂರು ಹೋಗುತ್ತಿತ್ತು. ಹಾಗೆ ಕುಗ್ಗಿಸಿದ ಕಟ್ಟಿನಲ್ಲಿ ಒಂದು ಕಡೆ ಕೆಟ್ಟರೆ ಮುಂದಿನದೆಲ್ಲ ಹೋದಂತೆಯೇ. ಎರಡನೆಯ ಪ್ರತಿ ಹಾಕಿದೆ. ಅದೂ ಆಡೂರಿಗೇ ನಿಂತಿತು. ಮೂರನೆಯದೂ ಅಷ್ಟೇ.

ಎಂಟು ದಿನ ಮೂರನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸಿದೆ. ತಪ್ಪು ಒಂದೇ ಜಾಗದಲ್ಲಿ, ಒಂದೇ ಬಗೆಯಲ್ಲಿತ್ತು. ಕಟ್ಟು ಮಾಡಲು ತಾಸುಗಟ್ಟಲೆ ಹಿಡಿಯುತ್ತದೆಂದು ನಾನು ಒಂದೇ ಸಲ ಮಾಡಿದ್ದೆ. ಉಳಿದೆರಡು ಅದರದೇ ನಕಲು. ಆ ಹೊತ್ತಿನಲ್ಲಿ ಕರೆಂಟು ಏರಿಳಿದು ದೀಪ ಮಿಣಕಿದ್ದೂ ನೆನಪಿತ್ತು. ಆದರೂ ಒಂದನ್ನೂ ಬಿಚ್ಚಿ ನೋಡಿರಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಕಟ್ಟಿನ ಕೊನೆಗಿದ್ದ, ಇನ್ನೂ ಅಚ್ಚು ತೆಗೆಯದ ಹಿರೇಕೆರೂರ ಸೀಮೆಯ ಒಂದು ಮನೆಯೂ ಉಳಿದಿರಲಿಲ್ಲ. ಮುದುಕರು ಆಗ ಅದೇ ಸೀಮೆಯ ಅಬಲೂರಿನಲ್ಲಿ ಬಿಡಾರ ಹೂಡಿದ್ದರು. ಹೋಗಿ ಎಲ್ಲ ಹೇಳಿದೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಎತ್ತಿಗೆ ಹೊದಿಸಿದ್ದ ಜೂಲು ತೆಗೆದು ಮಡಚತೊಡಗಿದರು. ಇನ್ನು ಆ ಸೀಮೆಯಲ್ಲಿ ಅವರು ಯಾರ ಮನೆಯ ಮುಂದೆ ನಿಲ್ಲಬೇಕು?

"ನಮ್ಮಪ್ಪ ಹೊಸಾ ಹೊತ್ತಿಗಿ ಬರದಾಗ ಅದನ್ನ ಮನಿಮನಿ ಮುಂದ ನಿಂತು ಓದಾಂವರಿ," ಎಂದರು. "ಮನಿಯವ್ರು ಕೇಳಿ ಹೌದು ಅಂದಮ್ಯಾಲನ ಹಳೀದು ಹೊಳಿಗೆ ಬಿಡಾಂವ. ನೀವೂ ಓದಿ ನೋಡೇ ಹೌದು ಅಂದೀರಿ ಅಂತ ತಿಳ್ಕೊಂಡಿದ್ನಿರಿ."