ಮಕ್ತುಂಸಾಬನ ರೋಜನಾಮೆ

ದಾಂಡೇಲಿಯಲ್ಲಿ ಅಯಾಜನ ಹೊಸ ಗ್ಯಾರೇಜು ಹೆಸರೊಂದನ್ನು ಬಿಟ್ಟು ಉಳಿದೆಲ್ಲ ರೀತಿಯಲ್ಲಿ ಸಿದ್ಧವಾಗಿತ್ತು. ಬೋರ್ಡಿನ ಮೇಲೆ ಮುತ್ತಜ್ಜ ಮಕ್ತುಂಸಾಬನ ಹೆಸರು ಬರೆಸಬೇಕೆಂಬುದು ಅವನ ಆಸೆ. ತಂದೆ ಸುಭಾನಿ ಒಪ್ಪಲಿಲ್ಲ.

“ದಿವಾಳಿ ಎದ್ದು ಅನಮೋಡ ಘಟ್ಟ ದಾಟಿ ಗೋವಾಕ್ಕ ಓಡಿಹೋದವನ ಹೆಸರು ಬ್ಯಾಡ. ಮಿಲ್ಲಿನಾಗ ಮೂವತ್ತೆರಡು ವರ್ಷ ಆ ಮಾತು ಕೇಳೇನಿ,” ಎಂದರು. ಸಾಕ್ಷಿಗೆ ಟ್ರಂಕಿನಿಂದ ಹಳದಿಗಟ್ಟಿದ ಕಾಗದ ತೆಗೆದರು. ಕಾಡಿನಲ್ಲಿ ಕಡಿಯಲು ಗುತ್ತಿಗೆ ಹಿಡಿದ ಕೂಪಿನ ಮರವೆಲ್ಲ ಬೆಂಕಿಗೆ ಹೋದ ಮೇಲೆ 1931ರಲ್ಲಿ ಮಕ್ತುಂಸಾಬ ಕೊಟ್ಟ ದಿವಾಳಿ ಅರ್ಜಿಯ ನಕಲು ಅದು.

ಅಯಾಜನ ಅಕ್ಕ ರಜಿಯಾ ಅದನ್ನು ಎರಡು ಸಲ ಓದಿದಳು. ಹಳಿಯಾಳದ ಕೋರ್ಟಿನೆದುರು ಇಪ್ಪತ್ತೆಂಟು ವರ್ಷದಿಂದ ಅರ್ಜಿ ಟೈಪು ಮಾಡುವವಳು ಅವಳು.

“ಅಬ್ಬಾ, ಅರ್ಜಿ ಓದಿ ತೀರ್ಪು ಹೇಳಬಾರದು. ರೋಜನಾಮೆ ನೋಡಬೇಕು,” ಎಂದಳು ತಂದೆಗೆ. ರೋಜನಾಮೆಯೆಂದರೆ ಪ್ರತಿ ತಾರೀಖಿಗೆ ಏನು ನಡೆಯಿತೆಂದು ಕೋರ್ಟು ಬರೆದಿಡುವ ದಿನಚರಿ.

“ಇನ್ನೂ ಕೆಟ್ಟದ್ದು ಸಿಕ್ಕರ, ಬೇಟಿ?”

“ಸಿಕ್ಕರ ಬೋರ್ಡಿಗೆ ನಿಮ್ಮ ಹೆಸರು. ಇಲ್ಲಂದ್ರ ಅವರದು.”

ರಜಿಯಾ ಕಾರವಾರಕ್ಕೆ ಹೋದಳು. ಅಲ್ಲಿಯ ಜಿಲ್ಲಾ ಕೋರ್ಟಿನ ದಾಖಲೆ ಕೋಣೆಯ ಗುಮಾಸ್ತೆ ದ್ರಾಕ್ಷಾಯಣಿ ಧಾರವಾಡದ ಕಡೆಯವಳು. ಅರ್ಜಿ ಸಂಖ್ಯೆ ನೋಡಿ ನಕ್ಕಳು. “ಅಜ್ಜನ ಆಸ್ತಿ ಕಾಗದ ಕೇಳೂ ಮಂದಿ ಭಾಳ ಬರ್ತಾರ್ರೀ ಅಕ್ಕಾರ. ಅಜ್ಜನ ದಿವಾಳಿ ಕೇಳಿದವರು ನೀವ ಮೊದಲು.”

1931ರ ಕಟ್ಟುಗಳಲ್ಲಿ ಫೈಲು ಸಿಗಲಿಲ್ಲ. ಗೆದ್ದಲಿಗೆ ಹೋಗಿರಬೇಕೆಂದಳು ದ್ರಾಕ್ಷಾಯಣಿ. ರಜಿಯಾ ಏಳಲಿಲ್ಲ. ಫೈಲನ್ನು ಕಟ್ಟಿಡುವುದು ಅದು ಹುಟ್ಟಿದ ವರ್ಷದಲ್ಲಲ್ಲ, ಮುಗಿದ ವರ್ಷದಲ್ಲಿ ಎಂಬುದು ಅವಳಿಗೆ ನೆನಪಾಯಿತು. ಮುಂದಿನ ವರ್ಷಗಳ ಇತ್ಯರ್ಥ ರಿಜಿಸ್ಟರನ್ನು ಒಂದೊಂದಾಗಿ ಕೇಳಿದಳು. 1937ರದ್ದರಲ್ಲಿ ಮಕ್ತುಂಸಾಬ ಇದ್ದ.

ಫೈಲು ಬಂದಾಗ ರೋಜನಾಮೆಯ ಮಸಿ ಮಾಸಿತ್ತು, ಆದರೆ ಓದಬಹುದಿತ್ತು. ಮೊದಲ ತಾರೀಖು: ಅರ್ಜಿದಾರ ಹಾಜರ. ಎರಡನೆಯದು: ಹಾಜರ. ಮೂರನೆಯದು ಬಂದಾಗ ಅವಳ ಬೆರಳು ನಿಂತಿತು: ಗೋವೆಯಲ್ಲಿ ಮರ ಕೊಯ್ದು ದುಡಿಯಲು ಅರ್ಜಿದಾರ ಅನುಮತಿ ಕೇಳಿದ್ದಾನೆ, ಕೊಡಲಾಗಿದೆ. ಓಡಿಹೋದನೆಂದು ಊರು ಆಡಿಕೊಂಡ ಆ ಗೋವೆಯ ದಾರಿಗೆ ನ್ಯಾಯಾಧೀಶರ ಸಹಿಯಿತ್ತು. ಮುಂದಿನ ಆರು ವರ್ಷ, ಪ್ರತಿ ತಾರೀಖಿಗೆ ಗಡಿ ದಾಟಿ ಬಂದ ಮನುಷ್ಯನ ಲೆಕ್ಕ ಒಂದೇ ಶಬ್ದದಲ್ಲಿತ್ತು. ಹಾಜರ. ಇಪ್ಪತ್ಮೂರು ಸಲ.

ಕೊನೆಯ ಹಾಳೆ: ಎಲ್ಲ ಸಾಲ ಪೂರ್ತಿ ತೀರಿದ್ದರಿಂದ ದಿವಾಳಿ ಘೋಷಣೆ ರದ್ದು.

“ಯಾಕ್ರೀ, ಅಳಾಕತ್ತೀರಿ?” ಎಂದಳು ದ್ರಾಕ್ಷಾಯಣಿ.

“ನಕಲಿಗೆ ಅರ್ಜಿ ಬರೀಬೇಕವಾ,” ಎಂದಳು ರಜಿಯಾ. “ಹಾಳಿ ಕೊಡು.”

ಮುದ್ರೆ ಬಿದ್ದ ನಕಲು ಕೈಗೆ ಬಂದ ದಿನವೇ ದಾಂಡೇಲಿಗೆ ಹೋಗಿ ತಂದೆಗೆ ಓದಿ ಹೇಳಿದಳು. ರದ್ದತಿಯ ಆದೇಶವನ್ನು ಸುಭಾನಿ ಒಮ್ಮೆ ಕೇಳಿದರು. ಇಪ್ಪತ್ಮೂರು ‘ಹಾಜರ’ಗಳನ್ನು ಮಾತ್ರ ತಾರೀಖಿನ ಸಮೇತ ಮತ್ತೆ ಓದಿಸಿದರು. ಆಮೇಲೆ ಟೊಪ್ಪಿಗೆ ಸರಿಪಡಿಸಿಕೊಂಡು ತಾವೇ ಪೇಂಟರನ ಅಂಗಡಿಗೆ ನಡೆದರು.

ಬೋರ್ಡು ಏರಿಸುವಾಗ ಏಣಿ ಹಿಡಿದಿದ್ದವರೂ ಅವರೇ. ಮಿಲ್ಲಿನಲ್ಲಿ ಜೊತೆಗಿದ್ದ ನಾಗಲಿಂಗಪ್ಪ ಎದುರಿನ ಚಹಾ ಅಂಗಡಿಯಿಂದ ಕೂಗಿದ: “ಏನೋ ಸುಭಾನಿ, ಓಡಿಹೋದ ನಿಮ್ಮಜ್ಜ ತಿರುಗಿ ಬಂದನೇನು?”

ಸುಭಾನಿ ಏಣಿ ಬಿಡದೆ, ರಸ್ತೆಗೆಲ್ಲ ಕೇಳುವಂತೆ ಹೇಳಿದರು: “ಓಡಿ ಹೋಗಿದ್ದಿಲ್ಲೋ ನಾಗ್ಯಾ. ಕೋರ್ಟಿನಾಗ ಬರದದ. ಹಾಜರ ಇದ್ದ!”