ಬೇಡವೆನ್ನುವ ಒಂದೇ ಕೈ

ಎರಡು ದಿನದಿಂದ ಕೊಳದಾಚೆಯ ನೆರೆಯವನಾದ ಆಲ್ಡನ್ ಪೀಸ್ಲಿಯ ಮನೆಯ ಚಿಮಣಿಯಲ್ಲಿ ಹೊಗೆ ಕಾಣುತ್ತಿಲ್ಲ. ಯಾರಿಗಾದರೂ ಫೋನ್ ಮಾಡಲೋ ಬೇಡವೋ ಎಂಬ ಚಿಂತೆ ಮಗುವಿಗೆ ಹಾಲು ಕುಡಿಸುವಾಗಲೂ ನನ್ನನ್ನು ಬಿಡುತ್ತಿಲ್ಲ. ಆತನ ಮನೆಯ ಕಾಲುದಾರಿಯಲ್ಲಿ ಸೊಂಟದವರೆಗೆ ಹಿಮ ಬಿದ್ದಿದೆ, ಮಗುವನ್ನು ಎತ್ತಿಕೊಂಡು ಕೊಳದಾಚೆ ಹೋಗುವ ಹಾಗಿಲ್ಲ. ಎಂಬತ್ತೊಂದರ ಆತನಿಗೆ ಸಹಾಯವೆಂದರೆ ಆಗದು. ಮನೆ ತಾನೇ ಕಟ್ಟಿದ್ದು, ಆಲೂಗಡ್ಡೆ ತಾನೇ ಬೆಳೆದದ್ದು, ಹಲ್ಲು ಕೂಡ ತಾನೇ ಕಿತ್ತುಕೊಂಡದ್ದಂತೆ. ಚರ್ಚಿಗೆ ಕರೆದರೆ, "ಪೈನ್ ಮರದ ಕೆಳಗೆ ನಿಂತು ಬಂದೆ, ಸಾಕು" ಎನ್ನುತ್ತಾನೆ. ನಾನು ಬಾಸ್ಟನ್ನಿನಲ್ಲಿ ಓದಿದವಳು, ಮಗು ಸೀನಿದರೂ ಪುಸ್ತಕ ತೆಗೆಯುತ್ತೇನೆ. "ಅದನ್ನ ಮುಚ್ಚಿಟ್ಟು ಮಗೂನ ಹೊರಗೆ ಕರ್ಕೊಂಡು ಬಾ ಹುಡುಗಿ, ಗಾಳಿ ಕಚ್ಚಲ್ಲ" ಎಂದು ಗದರುತ್ತಾನೆ. ಪ್ರತಿ ಮಾರ್ಚಿನ ಊರಸಭೆಯಲ್ಲಿ ಎಲ್ಲರೂ ಹೌದೆಂದ ಮೇಲೆ ಬೇಡವೆಂದು ಏಳುವ ಒಂದೇ ಕೈ ಆತನದು. ಊಟ ಬಡಿಸಿದ ಹೆಂಗಸರಿಗೆ ವಂದನೆ ಹೇಳುವ ಠರಾವಿಗೂ ಬೇಡವೆಂದ. ಯಾಕೆಂದು ಕೇಳಿದರೆ, "ಸೂಪಿಗೆ ಉಪ್ಪಿರಲಿಲ್ಲ. ಮನಸ್ಸಾಕ್ಷಿ ಒಪ್ಪಲಿಲ್ಲ." ಹೋದ ವರ್ಷ ನಮ್ಮ ರಸ್ತೆಯ ಹಿಮ ತೆಗೆಸುವುದನ್ನೇ ನಿಲ್ಲಿಸುವ ಠರಾವು ಬಂತು. ಆಗಲೂ ಆತ ಕೈ ಎತ್ತಿದ. "ನಿಂಗೆ ಗಾಡೀನೇ ಇಲ್ವಲ್ಲೋ ಮುದುಕಾ, ರಸ್ತೆ ಯಾಕೆ?" ಎಂದು ಯಾರೋ ಕೂಗಿದರು, ಸಭೆ ನಕ್ಕಿತು. ಆಗ ನಾನು ತುಂಬಿದ ಬಸುರಿ. ಊರಿಂದ ಎಂದೂ ಏನೂ ಕೇಳದ ಆತ ಎದ್ದು, ಟೋಪಿ ತೆಗೆದು, "ಆ ರಸ್ತೇಲಿ ಒಂದು ಮಗು ಬರೋದಿದೆ. ದಯವಿಟ್ಟು" ಎಂದ. ರಸ್ತೆ ಉಳಿಯಿತು. ಈಗ ಆತ ಬೈದರೆ ಬೈಯಲಿ ಎಂದುಕೊಂಡು, ಯಾವ ಆಪತ್ತಿಗೂ ಓಡಿ ಬರುವ ಊರಿನ ಅಗ್ನಿಶಾಮಕ ಠಾಣೆಗೆ ಫೋನ್ ಹಚ್ಚಿದೆ. "ಆಲ್ಡನ್ ಕರೀತಿಲ್ಲ, ನಾನು ಕರೀತಿದೀನಿ," ಎಂದೆ, "ಬೇಗ ಬನ್ನಿ."