ಹಳ್ಳದಲ್ಲಿ ನಿಂತ ಬೋಳಗಾಡಿ

ನಮ್ಮ ಕರಜಗಿಯಲ್ಲಿ ಮಳೆ ಬಿದ್ದರೆ ಎತ್ತಿನ ಬಂಡಿಯೇ ಮುಂದೆ ಹೋಗುವುದಿಲ್ಲ. ಎರೆಮಣ್ಣು ಗಾಲಿಗೆ ಮೆತ್ತಿ ಮೆತ್ತಿ ಬಂಡಿ ಇದ್ದಲ್ಲೇ ಕೂತುಬಿಡುತ್ತದೆ. ಅಂಥ ಊರಿನಲ್ಲಿ, ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗಾದ, ಎರಡೇ ಸೀಟಿನ, ವಿಲಾಯತಿಯ ಪಂದ್ಯದ ಕಾರನ್ನು ಮಾಳಿಂಗಪ್ಪ ಇಪ್ಪತ್ತೆರಡು ವರ್ಷ ಓಡಿಸಿದ. ಹೇಗೆ ಓಡಿಸುತ್ತಾನೆ ಅನ್ನುವುದು ಮೊದಮೊದಲು ನನ್ನ ಕುತೂಹಲವಾಗಿತ್ತು. ಕೊನೆಗೆ ಯಾಕೆ ಹಾಗೆ ಮಾಡಿದ ಅನ್ನುವುದು ಇಂದಿಗೂ ಬಗೆಹರಿದಿಲ್ಲ. ಅವನ ಮೇಲೆ ಸಿಟ್ಟೂ ಇದೆ, ಸುಳ್ಳು ಯಾಕೆ ಹೇಳಲಿ.

ನಾನು ಗುರಣ್ಣ. ಬಸ್ಸು ನಿಲ್ಲುವ ಕಟ್ಟೆಯ ಎದುರು ನನ್ನ ಸೈಕಲ್ ಅಂಗಡಿ. ಆ ಕಾರು ನಮ್ಮ ದೌಲತರಾಯ ಗೌಡರದು. ಅವರ ತಂದೆ ಹೈದರಾಬಾದಿನಲ್ಲಿ, ತನ್ನ ದೇಶಕ್ಕೆ ಹೊರಟಿದ್ದ ಇಂಗ್ಲಿಷ್ ಇಂಜಿನಿಯರನಿಂದ ಕೊಂಡು ತಂದದ್ದು. ಹಸಿರು ಬಣ್ಣ, ಉದ್ದ ಮೂತಿ. ಬಟ್ಟೆಯ ಚಾವಣಿ ಹರಿದು ಹೋದ ಮೇಲೆ ಊರು ಅದಕ್ಕೆ ಬೋಳಗಾಡಿ ಎಂದು ಹೆಸರಿಟ್ಟಿತು.

ಮಾಳಿಂಗಪ್ಪ ಕುರಿ ಕಾಯುವ ಮನೆತನದವನು. ಹತ್ತೊಂಬತ್ತರ ವಯಸ್ಸಿನಲ್ಲಿ ಗೌಡರ ವಾಡೆಗೆ ಕಂಬಳಿ ಕೊಡಲು ಹೋದವನು ಕಾರು ನೋಡುತ್ತ ಸಂಜೆಯವರೆಗೂ ಅಲ್ಲೇ ಕೂತಿದ್ದನಂತೆ. ಆಗಿನ ಡ್ರೈವರ್, ಅಫಜಲಪುರದ ಖಾಜಾ, ಕರುಣೆ ತೋರಿಸಿ ಕಲಿಸಿದ. ಅದೇ ವರ್ಷ ಖಾಜಾ ಕೆಲಸ ಬಿಟ್ಟ ಮೇಲೆ ಸ್ಟೇರಿಂಗು ಇವನ ಕೈಗೆ ಬಂತು. ಅಂದಿನಿಂದ ಅವನ ಹೆಂಡತಿ ನಿಂಬೆವ್ವ ಊರಿಗೆಲ್ಲ ಡ್ರೈವರನ ಹೆಂಡತಿ.

ಮಳೆಗಾಲದಲ್ಲಿ ಅವನ ಪದ್ಧತಿ ನೋಡಬೇಕಿತ್ತು. ರಸ್ತೆ ಕೆಟ್ಟಿದೆ ಅನ್ನಿಸಿದರೆ ಕಾರು ನಿಲ್ಲಿಸಿ, ಬರಿಗಾಲಲ್ಲಿ ಮುಂದೆ ನಡೆದು ನೋಡಿ ಬರುತ್ತಿದ್ದ. ಓಡಿಸುವುದೂ ಬರಿಗಾಲಲ್ಲೇ. ಗೌಡರು ಬೂಟು ಕೊಡಿಸಿದ್ದರು, ಅವು ಮನೆಯ ಗೂಡಿನಲ್ಲಿ ಕೂತಿದ್ದವು.

“ಯಾಕಲೇ, ಬೂಟು ಕಚ್ಚತಾವೇನು?” ಎಂದು ಕೇಳಿದೆ.

“ಮಣ್ಣು ಕಾಲಿಗಿ ಹೇಳತದ ಗುರಣ್ಣ, ಕಣ್ಣಿಗಿ ಹೇಳಂಗಿಲ್ಲ,” ಅಂದ.

ಇನ್ನೊಂದು ಗುಟ್ಟಿತ್ತು. ಇಂಜಿನ್ನಿನ ಪಕ್ಕಕ್ಕೆ, ಪ್ಲಗ್ಗುಗಳಿಗೆ ಕರೆಂಟು ಹಂಚುವ ಕಪ್ಪು ಟೊಪ್ಪಿಗೆಯಂಥದ್ದು ಒಂದಿರುತ್ತದೆ. ಅದಕ್ಕೆ ನೀರು ಸಿಡಿದರೆ ಗಾಡಿ ಬಂದ್. ಮಾಳಿಂಗಪ್ಪ ನನ್ನ ಅಂಗಡಿಯ ಹಳೇ ಟ್ಯೂಬು ಕೊಯ್ದು ಅದರ ಸುತ್ತ ಬಿಗಿಯಾಗಿ ತೊಡಿಸುತ್ತಿದ್ದ. ಇದು ಗೊತ್ತಿದ್ದದ್ದು ಅವನಿಗೆ ಮತ್ತು ನನಗೆ, ಅಷ್ಟೇ.

ಎಂಬತ್ತಮೂರನೇ ಇಸವಿ ಇರಬೇಕು, ಗೌಡರು ಕಬ್ಬಿನ ಹೊಲಕ್ಕೆ ಟ್ರ್ಯಾಕ್ಟರ್ ತರಿಸಿದರು. ಅದನ್ನು ಓಡಿಸಲು ಅಳಿಯ ಬಂದ. ನಿಲ್ಲಿಸಲು ಜಾಗ ಬೇಕಾಯಿತು. ಬೋಳಗಾಡಿ ಮಾರುವುದೆಂದು ತೀರ್ಮಾನವಾಯಿತು. ಹಳೇ ಕಾರು ಕೂಡಿಹಾಕುವ ಹುಚ್ಚಿನ ಸೊಲ್ಲಾಪುರದ ಸಾವಕಾರನೊಬ್ಬ ಬರುವುದಾಗಿ ಹೇಳಿ ಕಳಿಸಿದ. ಅವನದೊಂದೇ ಕರಾರು: “ಬಿಸಿಲಾಗ ಎಲ್ಲಾ ಗಾಡಿ ಓಡತಾವ. ಮಳ್ಯಾಗ ಓಡಿದ್ರ ಒಯ್ತೇನಿ, ನಿಂತರ ಬ್ಯಾಡ.”

ಕಾರು ಹೋದರೆ ಮಾಳಿಂಗಪ್ಪನಿಗೆ ಉಳಿಯುವುದು ಅವನ ತಮ್ಮ ಅಮೋಘಸಿದ್ದನ ಕುರಿಗಳು. ನಲವತ್ತೊಂದರ ವಯಸ್ಸಿನಲ್ಲಿ ತಮ್ಮನ ಕೈಕೆಳಗೆ ಕುರಿ ಕಾಯುವುದು. ಅವನು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ನಿಂಬೆವ್ವ ನನ್ನ ಅಂಗಡಿಗೇ ಬಂದಳು.

“ನೀನಾರ ಒಂದು ದಾರಿ ಹೇಳೋ ಅಣ್ಣಾ,” ಅಂದಳು.

ದಾರಿ ಕಣ್ಣೆದುರಿಗೇ ಇತ್ತು. ಟ್ಯೂಬು ತೆಗೆದಿಟ್ಟರೆ ಮುಗಿಯಿತು. ಊರ ಮುಂದಿನ ಹಳ್ಳದಲ್ಲಿ ಗಾಡಿ ತಾನೇ ನಿಲ್ಲುತ್ತದೆ, ಸಾವಕಾರ ತಾನೇ ಸೊಲ್ಲಾಪುರದ ಬಸ್ಸು ಹತ್ತುತ್ತಾನೆ. ಅವಳಿಗೆ ಹೇಳಿದೆ, ಸಂಜೆ ಮಾಳಿಂಗಪ್ಪನಿಗೂ ಹೇಳಿದೆ. “ಅದರ ಮೈಮ್ಯಾಲ ನನ್ನ ಕೈ ಏಳಂಗಿಲ್ಲ. ನೀನ ತಗದುಬಿಡು,” ಅಂದ. ಉತ್ತರಿ ಮಳೆ ಹಿಡಿದ ಮುಂಜಾನೆ ನಾನೇ ಟ್ಯೂಬು ಬಿಚ್ಚಿ ಕಿಸೆಯಲ್ಲಿಟ್ಟುಕೊಂಡೆ.

ಸಾವಕಾರ ಬಂದ. ಬೆಳ್ಳಗೆ, ದಪ್ಪಗೆ ಇದ್ದ, ಆದರೆ ಒಳ್ಳೇ ಮನುಷ್ಯ. ಅತಿಥಿ ನೆನೆಯಬಾರದೆಂದು ಗೌಡರು ನನ್ನನ್ನು ಸೀಟಿನ ಹಿಂದಿನ ಸಾಮಾನಿನ ಜಾಗಕ್ಕೆ ತುರುಕಿ ಕೈಗೆ ಛತ್ರಿ ಕೊಟ್ಟರು. ಮೊಣಕಾಲು ಗದ್ದಕ್ಕೆ ತಾಗಿಸಿ ಕೂತು, ಗುರುತಿಲ್ಲದವನ ತಲೆಗೆ ಛತ್ರಿ ಹಿಡಿಯುವ ಯೋಗ ನನಗೆ ಅವತ್ತು ಬಂತು.

ಹಳ್ಳದವರೆಗೆ ಚೆನ್ನಾಗಿ ಹೋಯಿತು. ಹಳ್ಳದಲ್ಲಿ ಗೇಣುದ್ದದ ರಾಡಿ ನೀರಿತ್ತು. ಅಂಥಲ್ಲಿ ಸದಾ ಮೆಲ್ಲಗೆ ಇಳಿಯುವವನು ಅವತ್ತು ಜೋರಾಗಿ ಇಳಿಸಿದ. ನೀರು ಬಾನೆಟ್ಟಿನ ಮೇಲೆ ಹಾರಿತು. ಗಾಡಿ ಎರಡು ಸಲ ಕೆಮ್ಮಿ ನಡುಹಳ್ಳದಲ್ಲಿ ಸುಮ್ಮನಾಯಿತು. ಕೆಲಸ ಫತ್ತೆ ಆಯಿತು ಅಂದುಕೊಂಡೆ. ಆಗ ಸಾವಕಾರ ಬಾಯಿ ತೆರೆದ. ಸಿಟ್ಟಿನಿಂದಲ್ಲ, ಮರುಗಿಯೇ ಮಾತಾಡಿದ.

“ಪಾಪ, ಗಾಡೀದು ತಪ್ಪಿಲ್ಲ. ಇದನ್ನ ನೋಡಿಕೊಳ್ಳೋ ಮನುಷ್ಯಾ ಸಿಕ್ಕಿಲ್ಲ, ಅಷ್ಟ.”

ಮಾಳಿಂಗಪ್ಪ ಸ್ಟೇರಿಂಗಿನ ಮೇಲೆ ಕೈಯಿಟ್ಟು ಕೂತಿದ್ದ. ಮಳೆ ಅವನ ಮೂಗಿನಿಂದ ಇಳಿಯುತ್ತಿತ್ತು. ಅವನ ಕಿವಿ ಕೆಂಪಾದದ್ದು ನನಗೆ ಹಿಂದಿನಿಂದ ಕಾಣುತ್ತಿತ್ತು. ಅವನು ನೀರಿಗಿಳಿದು ಬಾನೆಟ್ಟು ಎತ್ತಿದ.

“ಗುರಣ್ಣ, ಛತ್ರಿ ಇತ್ಲಾಗ ತಾ,” ಅಂದ.

ನಾನು ಇಳಿದು, ಸಾವಕಾರನನ್ನು ಮಳೆಗೆ ಬಿಟ್ಟು, ಇಂಜಿನ್ನಿಗೆ ಛತ್ರಿ ಹಿಡಿದೆ. “ಏನ್ ಮಾಡಾಕತ್ತೀಲೇ?” ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದೆ. ಅವನು ತಲೆಯ ರುಮಾಲು ಬಿಚ್ಚಿದ. ಹೊರಗಿನ ಸುತ್ತುಗಳು ತೊಯ್ದಿದ್ದರೂ ಒಳಗಿನವು ಒಣಗಿದ್ದವು. ಅದರಿಂದ ಕಪ್ಪು ಟೊಪ್ಪಿಗೆಯನ್ನು ಒಳಗೂ ಹೊರಗೂ ಒರೆಸಿದ. ಆಮೇಲೆ ನನ್ನ ಮುಂದೆ ಕೈ ಚಾಚಿದ.

“ಕೊಡು.”

“ಕೊಡಂಗಿಲ್ಲ. ನಿನ್ನ ಕಾಲ ಮ್ಯಾಲ ನೀನ ಕಲ್ಲು ಹಾಕ್ಕೋಬ್ಯಾಡ. ಮನ್ಯಾಗ ನಿಂಬೆವ್ವಗ ಏನ್ ಹೇಳತಿ?”

“ಕೊಡೋ ಗುರಣ್ಣ.”

ಕೊಟ್ಟೆ. ಯಾಕೆ ಕೊಟ್ಟೆನೋ, ನನಗೆ ನನ್ನ ಮೇಲೂ ಸಿಟ್ಟಿದೆ. ಟ್ಯೂಬು ತೊಡಿಸಿದ, ಗಾಡಿ ಒಂದೇ ಸಲಕ್ಕೆ ಶುರುವಾಯಿತು.

ಹಳ್ಳ ದಾಟಿದ ಮೇಲೆ ಏರು, ಏರು ಮುಗಿಯುವಲ್ಲಿ ತಿರುವು. ಅವತ್ತು ಅವನು ಓಡಿಸಿದ ಹಾಗೆ ಓಡಿಸಿದ್ದನ್ನು ನಾನು ಅದಕ್ಕಿಂತ ಮೊದಲು ನೋಡಿರಲಿಲ್ಲ. ತಿರುವಿನಲ್ಲಿ ಹಿಂದಿನ ಗಾಲಿಗಳು ಎಡಕ್ಕೆ ಜಾರಿದವು. ಮುಗಿಯಿತು ನಮ್ಮ ಕಥೆ ಅಂದುಕೊಂಡೆ. ಅವನು ಬ್ರೇಕು ಮುಟ್ಟಲಿಲ್ಲ. ಗಾಡಿ ಜಾರಿದ ಕಡೆಗೇ ಸ್ಟೇರಿಂಗು ತಿರುಗಿಸಿ, ಬರಿಗಾಲಿನ ಬೆರಳಲ್ಲಿ ಎಕ್ಸಿಲೇಟರನ್ನು ಒಂದೇ ಹದದಲ್ಲಿ ಹಿಡಿದ. ಗಾಡಿ ತಾನೇ ನೆಟ್ಟಗಾಯಿತು. ಸಾವಕಾರ ಬಾಗಿಲು ಗಟ್ಟಿಯಾಗಿ ಹಿಡಿದು ಸಣ್ಣ ಹುಡುಗನ ಹಾಗೆ ನಗುತ್ತಿದ್ದ. ನನಗೂ ನಗು ಬಂತು.

ವಾಡೆಗೆ ಬಂದು ಇಳಿದವನೇ ಸಾವಕಾರ, “ಗೌಡ್ರ, ನಿಂತ್ರೂ ಮಳ್ಯಾಗ ಮತ್ತ ಓಡಿತು, ಮಾತು ಮುಗೀತು. ಗಾಡಿ ನಂದು,” ಅಂದ. ಆಮೇಲೆ ಮಾಳಿಂಗಪ್ಪನ ಕಡೆ ತಿರುಗಿ, “ಈ ರಸ್ತ್ಯಾಗ ನನ್ನ ಕೈಲಿ ಆಗಂಗಿಲ್ಲಪಾ. ಸೊಲ್ಲಾಪುರ ತನಕ ನೀನ ಬಿಟ್ಟು ಬಾ,” ಅಂದ. ತನ್ನ ಗಾಡಿಯನ್ನು ತಾನೇ ಬಿಟ್ಟು ಬರಲು ಮಾಳಿಂಗಪ್ಪ ಅದೇ ಒದ್ದೆ ಬಟ್ಟೆಯಲ್ಲಿ ಹೊರಟ.

ಮರುದಿನ ಮಧ್ಯಾಹ್ನ ಬಸ್ಸಿನಿಂದ ಇಳಿದ. ನಿಂಬೆವ್ವನ ಮುಂದೆ ಒಬ್ಬನೇ ಹೋಗಲು ಧೈರ್ಯ ಸಾಲದೆ ನನ್ನನ್ನೂ ಕರೆದ. ಊರೆಲ್ಲ ಆಗಲೇ ಸುದ್ದಿ ಮುಟ್ಟಿಸಿತ್ತು. ಅವಳು ಹೊಸ್ತಿಲಲ್ಲಿ ನಿಂತು ಒಂದೇ ಮಾತು ಕೇಳಿದಳು.

“ಹಳ್ಳದಾಗ ನಿಲ್ಲಲಿಲ್ಲೇನು?”

“ನಿಂತಿತ್ತು,” ಅಂದ ಮಾಳಿಂಗಪ್ಪ. “ನಾನ ಚಾಲೂ ಮಾಡಿದೆ.”

ಅವಳು ಬೈಯಲಿಲ್ಲ. ಒಳಗೆ ಹೋಗಿ ಅವನಿಗೆ ಕೈಕಾಲು ತೊಳೆಯಲು ನೀರು ತಂದಿಟ್ಟಳು. ಅವನು ಕಲ್ಲಿನ ಮೇಲೆ ಕೂತು ಕಾಲು ತೊಳೆಯತೊಡಗಿದ. ಬೆರಳ ಸಂದಿಯ ಮಣ್ಣು ಹೋದ ಮೇಲೂ ತೊಳೆಯುತ್ತಲೇ ಇದ್ದ. ಕೊನೆಗೆ ನಿಂಬೆವ್ವನೇ ಬಂದು ಅವನ ಕೈಯಿಂದ ತಂಬಿಗೆ ತೆಗೆದುಕೊಂಡಳು.